ನಲವತ್ತೊಂದನೆಯ ನಕ್ಷತ್ರದ ರೀಡಿಂಗ್

ಸುಣ್ಣಗಲ್ಲಿನ ಡಿಗ್ರಿ ಕಾಲೇಜಿನಲ್ಲಿ ನಲವತ್ತೊಂದನೆಯ ನಕ್ಷತ್ರದ ಕಾಂತಿಮಾನ ಮೂವತ್ತೊಂದು ವರ್ಷಗಳಿಂದ 6.2. ಅದು ಎಂದೂ 6.1 ಆಗಿರಲಿಲ್ಲ, 6.3 ಆಗಿರಲಿಲ್ಲ. ಸೆಮಿಸ್ಟರ್ ಪೂರ್ತಿ ಮೋಡ ಮುಸುಕಿದ್ದ ವರ್ಷವೂ 6.2. ಲ್ಯಾಬಿನ ಕೀಲಿಕೈ ಕಳೆದು ಬಾಗಿಲನ್ನೇ ತೆಗೆಯದ ವರ್ಷವೂ 6.2. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ತುಂಬಿದ ಪ್ರಾಕ್ಟಿಕಲ್ ರೆಕಾರ್ಡ್ ಸಿಗುತ್ತಿತ್ತು. ಅದನ್ನು ನೋಡಿ ಬರೆದರೆ ಇಪ್ಪತ್ತಕ್ಕೆ ಹದಿನೆಂಟು. ಅಕ್ಷರ ದುಂಡಗಿದ್ದರೆ ಇಪ್ಪತ್ತಕ್ಕೆ ಇಪ್ಪತ್ತು.

ಲೋಲಕದ ಪ್ರಯೋಗವನ್ನೋ ಮಸೂರದ ಪ್ರಯೋಗವನ್ನೋ ಹೀಗೆ ನಕಲು ಮಾಡಿದರೆ ಯಾರಿಗೂ ನಷ್ಟವಿಲ್ಲ. ಆ ಪುಸ್ತಕಗಳನ್ನು ಕೊನೆಗೆ ಕಡಲೆಕಾಯಿ ಮಾರುವವನು ತೂಕಕ್ಕೆ ಕೊಳ್ಳುತ್ತಾನೆ. ನಕ್ಷತ್ರದ ರೆಕಾರ್ಡ್ ಮಾತ್ರ ಹಾಗಲ್ಲ. ಅದು ಕನ್ನಡಿಗಳಿಗೆ ಹೋಗುತ್ತಿತ್ತು.

ಸಾವಿರ ಕಿಲೋಮೀಟರ್ ಎತ್ತರದಲ್ಲಿ ಎಪ್ಪತ್ತೆರಡು ಕನ್ನಡಿಗಳು ಸುತ್ತುತ್ತಿದ್ದವು. ಒಂದೊಂದೂ ಕೆರೆಯಷ್ಟು ಅಗಲದ ತೆಳು ಹಾಳೆ. ನೆಲದಲ್ಲಿ ಸೂರ್ಯ ಮುಳುಗಿದ ಮೇಲೂ ಆ ಎತ್ತರದಲ್ಲಿ ಬಿಸಿಲಿರುತ್ತದೆ. ಆ ಬಿಸಿಲನ್ನು ಹಿಡಿದು, ಊರಿನಿಂದ ಹನ್ನೆರಡು ಕಿಲೋಮೀಟರ್ ಪೂರ್ವಕ್ಕಿದ್ದ ಸೋಲಾರ್ ಬಯಲಿನ ಮೇಲೆ ಸಂಜೆ ಏಳರಿಂದ ಒಂಬತ್ತೂವರೆಯವರೆಗೆ ಚೆಲ್ಲುವುದು ಅವುಗಳ ಕೆಲಸ. ಒಂದು ಗುಂಪು ದಾಟಿ ಹೋದರೆ ಇನ್ನೊಂದು ಬರುತ್ತಿತ್ತು. ಮೂರು ಜಿಲ್ಲೆಗಳ ಸಂಜೆಯ ಕರೆಂಟು ಅದರಿಂದಲೇ.

ತಾನು ಎತ್ತ ತಿರುಗಿದ್ದೇನೆ ಎಂದು ಕನ್ನಡಿಗೆ ತಿಳಿಯುವುದು ನಕ್ಷತ್ರಗಳಿಂದ. ಅದರ ಕ್ಯಾಮೆರಾಗೆ ಒಂದು ಪಟ್ಟಿ ಕೊಟ್ಟಿರುತ್ತಾರೆ: ಈ ಜಾಗದಲ್ಲಿ ಇಷ್ಟು ಕಾಂತಿಯ ನಕ್ಷತ್ರವಿದೆ, ಹಿಡಿದುಕೋ. ಪೂರ್ತಿ ಒಂದು ಅಂಕಿ, ಅಂದರೆ 1.0, ಹೆಚ್ಚುಕಡಿಮೆ ಇದ್ದರೂ ನಡೆಯುತ್ತದೆ. ಅದನ್ನೂ ಮೀರಿದರೆ ಅದು ನಿನ್ನ ನಕ್ಷತ್ರವಲ್ಲ, ಪಕ್ಕದಲ್ಲಿ ಹುಡುಕು. ಸುಣ್ಣಗಲ್ಲಿನ ಬಯಲಿಗೆ ತಿರುಗುವ ಕನ್ನಡಿಗಳೆಲ್ಲ ಹಿಡಿಯುತ್ತಿದ್ದದ್ದು ಪಟ್ಟಿಯ ನಲವತ್ತೊಂದನೆಯ ನಕ್ಷತ್ರವನ್ನು.

ನಕ್ಷತ್ರಗಳ ಕಾಂತಿಯನ್ನು ಯಾರಾದರೂ ಆಗಾಗ ಅಳೆಯುತ್ತಿರಬೇಕಲ್ಲ. ಕನ್ನಡಿಗಳ ಹೊಳಪಿನಿಂದ ದೊಡ್ಡ ವೀಕ್ಷಣಾಲಯಗಳೆಲ್ಲ ಮುಚ್ಚಿಹೋಗಿದ್ದವು. ಹಾಗಾಗಿ ಬಿಎಸ್ಸಿ ಎರಡನೇ ವರ್ಷದ ‘ನಕ್ಷತ್ರಗಳು ಮತ್ತು ಗೆಲಾಕ್ಸಿಗಳು’ ಎಂಬ ಪತ್ರಿಕೆಯ ಮಕ್ಕಳಿಗೆ ಆ ಕೆಲಸ ಹಚ್ಚಿದರು. ಒಂದೊಂದು ಕಾಲೇಜಿಗೆ ಹನ್ನೆರಡು ನಕ್ಷತ್ರ. ನೂರಾರು ವಿದ್ಯಾರ್ಥಿಗಳು ಒಟ್ಟಿಗೆ ತಪ್ಪು ಮಾಡಲಾರರು ಎಂದು ಸಮಿತಿ ಬರೆದಿತ್ತು. ಸಮಿತಿಯಲ್ಲಿದ್ದವರು ಯಾರೂ ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡಿದವರಲ್ಲ.

ಉರುಕುಂದಮ್ಮ ಆ ಪತ್ರಿಕೆ ತೆಗೆದುಕೊಂಡಿದ್ದು ಆಕಾಶದ ಮೇಲಿನ ಪ್ರೀತಿಯಿಂದಲ್ಲ. ಬೇರೆ ಐಚ್ಛಿಕ ಪತ್ರಿಕೆಗಳ ಸೀಟು ತುಂಬಿದ್ದವು. ತಾಯಿ ಹಂಪಮ್ಮ ಬಸ್ ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸುತ್ತಿದ್ದಳು. ದಿನಕ್ಕೆ ಮುನ್ನೂರು ಜೋಳದ ರೊಟ್ಟಿ. ತಂದೆ ಇರಲಿಲ್ಲ, ಇದ್ದಾಗಲೂ ಹೆಚ್ಚು ಇರಲಿಲ್ಲ. ಮೊದಲ ವರ್ಷ ಗಣಿತದಲ್ಲಿ ಮಗಳು ಫೇಲಾದಾಗ ಹಂಪಮ್ಮ ಒಂದೇ ಮಾತು ಹೇಳಿದ್ದಳು.

“ಒಂದ್ಸಲ ಸುಮ್ನಿದ್ದೀನಿ. ಇನ್ನೊಂದ್ಸಲ ಫೇಲಾದ್ರ ಕಾಲೇಜು ಬಂದ್. ನನ್ನ ಬಾಜೂಕ ಕುಂತು ರೊಟ್ಟಿ ಬಡಿ.”

ಹಂಪಮ್ಮ ಹೆದರಿಸಲು ಮಾತಾಡುವ ಹೆಂಗಸಲ್ಲ. ಅವಳು ಹೇಳಿದ್ದು ಮಾಡುತ್ತಾಳೆ ಎಂದು ಉರುಕುಂದಮ್ಮನಿಗೆ ಗೊತ್ತಿತ್ತು.

ಜೆರಾಕ್ಸ್ ಅಂಗಡಿಯ ರೆಕಾರ್ಡ್ ಅವಳಿಗೆ ಸಿಗಲಿಲ್ಲ. ಹಿಂದಿನ ಸೆಮಿಸ್ಟರಿನ ಪರೀಕ್ಷೆಯಲ್ಲಿ ಅವಳ ಬೆಂಚಿನ ಕೆಳಗೆ ಚೀಟಿ ಸಿಕ್ಕಿತ್ತು. ಯಾರದೆಂದು ಕೇಳಿದ್ದಕ್ಕೆ ಅವಳು ಮೌಲಾಲಿಯ ಹೆಸರು ಹೇಳಿದ್ದಳು. ಚೀಟಿ ಅವನದೇ ಆಗಿತ್ತು. ಅವತ್ತಿನಿಂದ ತರಗತಿಯಲ್ಲಿ ಅವಳ ಹೆಸರು ಸಿಐಡಿ. ಯಾರೂ ನೋಟ್ಸ್ ಕೊಡುತ್ತಿರಲಿಲ್ಲ, ಪಕ್ಕ ಕೂರುತ್ತಿರಲಿಲ್ಲ. ಜೆರಾಕ್ಸ್ ಅಂಗಡಿಯಾತ ಮೌಲಾಲಿಯ ಚಿಕ್ಕಪ್ಪ. “ಮಷೀನು ಕೆಟ್ಟೈತಿ” ಎಂದ. ಅವನ ಹಿಂದೆ ಮಷೀನು ಓಡುತ್ತಿತ್ತು.

ಹೀಗಾಗಿ ಅವಳು ಅಳೆಯಬೇಕಾಯಿತು.

ಲ್ಯಾಬಿನ ಕಪಾಟಿನಲ್ಲಿ ಸರ್ಕಾರ ಕೊಟ್ಟ ಕೊಳವೆ ಇತ್ತು: ಒಂದು ಮೊಳ ಉದ್ದದ ದೂರದರ್ಶಕ, ಅದರ ತಳದಲ್ಲಿ ಬೆಳಕನ್ನು ಎಣಿಸುವ ಚಿಪ್, ಮಡಚುವ ಮುಕ್ಕಾಲಿ. ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಎಷ್ಟೋ ವರ್ಷದಿಂದ ಯಾರೂ ತೆಗೆದಿರಲಿಲ್ಲ. ಅವಳು ರಿಜಿಸ್ಟರಿನಲ್ಲಿ ಸಹಿ ಮಾಡಿ ಅದನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಒಯ್ದಳು.

ಫೆಬ್ರವರಿಯ ಸಂಜೆಗಳು. ಖಾನಾವಳಿಯ ಮಾಳಿಗೆಯ ಮೇಲೆ ಒಲೆಯ ಹೊಗೆ, ಸೊಳ್ಳೆ. ಪೂರ್ವದಲ್ಲಿ ಬಯಲಿನ ಮೇಲೆ ಕನ್ನಡಿಯ ಬೆಳಕು ಸುರಿದು ಆ ಕಡೆಯ ಆಕಾಶ ಸುಣ್ಣ ಬಳಿದ ಗೋಡೆಯಂತಿತ್ತು. ಪಶ್ಚಿಮ ಮಾತ್ರ ಒಂದಿಷ್ಟು ಕಪ್ಪಗೆ ಉಳಿದಿತ್ತು. ವೃಷಭ ರಾಶಿಯ ಅಂಚಿನಲ್ಲಿ ಬರಿಗಣ್ಣಿಗೆ ಕಾಣದ ಒಂದು ಕೆಂಪು ಚುಕ್ಕೆ, ನಲವತ್ತೊಂದು. ಕೊಳವೆಯನ್ನು ಅದಕ್ಕೆ ಗುರಿಯಿಟ್ಟು ಹತ್ತು ನಿಮಿಷ ಕದಲದಂತೆ ಕಾದರೆ ಪರದೆಯ ಮೇಲೆ ಅಂಕಿ ಬರುತ್ತದೆ. ಈ ಲೆಕ್ಕದಲ್ಲಿ ಅಂಕಿ ಹೆಚ್ಚಾದಷ್ಟೂ ನಕ್ಷತ್ರ ಮಂಕು.

7.0.

ಎರಡನೇ ಸಂಜೆ 7.0. ಮೂರನೇ ಸಂಜೆ 7.1. ಕೊಳವೆ ಕೆಟ್ಟಿದೆ ಎಂದು ಅವಳು ಉಳಿದ ಹನ್ನೊಂದು ನಕ್ಷತ್ರಗಳನ್ನೂ ಅಳೆದಳು. ಪಠ್ಯಪುಸ್ತಕದ ಹಿಂದಿನ ಪಟ್ಟಿಯ ಜೊತೆ ಎಲ್ಲವೂ ಕೂಡಿ ಬಂದವು. ನಲವತ್ತೊಂದು ಒಂದೇ ಇಳಿದಿತ್ತು. ಒಂಬತ್ತು ಸಂಜೆ ನೋಡಿದಳು. ಸರಾಸರಿ 7.1.

ಪುಸ್ತಕದ ಒಂಬತ್ತನೇ ಅಧ್ಯಾಯದ ಹೆಸರು ‘ಕಾಂತಿ ಬದಲಾಗುವ ನಕ್ಷತ್ರಗಳು’. ಅದು ಸಿಲೆಬಸ್ಸಿನಲ್ಲಿರಲಿಲ್ಲ. ಲೈಬ್ರರಿಯ ಪ್ರತಿಯಲ್ಲಿ ಆ ಹಾಳೆಗಳ ಅಂಚು ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಅವಳು ಸ್ಕೇಲಿನಿಂದ ಬಿಡಿಸಿ ಓದಿದಳು. ವಯಸ್ಸಾದ ಕೆಂಪು ನಕ್ಷತ್ರಗಳು ಉಬ್ಬುತ್ತವೆ, ಕುಗ್ಗುತ್ತವೆ, ಮಸಿಯಂಥ ದೂಳನ್ನು ಉಗುಳಿ ಅದರ ಹಿಂದೆ ಮರೆಯಾಗುತ್ತವೆ. ಹತ್ತಾರು ವರ್ಷ ಮಂಕಾಗಿಯೇ ಇರಬಹುದು. ಅಷ್ಟು ಸರಳ ವಿಷಯ. ಪರೀಕ್ಷೆಗೆ ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಆ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇಟಗಿ ಸರ್ ಭೌತಶಾಸ್ತ್ರದ ಹಿರಿಯ ಅಧ್ಯಾಪಕರು. ನಿವೃತ್ತಿಗೆ ಏಳು ವರ್ಷ ಉಳಿದಿತ್ತು. ಅವರು ಪಾಠ ಮಾಡುತ್ತಿರಲಿಲ್ಲ, ಬರೆಸುತ್ತಿದ್ದರು.

“ಗೆಲಾಕ್ಸಿಗಳಲ್ಲಿ ಮೂರು ವಿಧ. ಸುರುಳಿ, ಅಂಡಾಕಾರ, ಅನಿಯತ. ಅಡಿಗೆರಿ ಎಳೀರಿ.”

“ಸರ್, ನಮ್ಮದು ಯಾವುದ್ರಿ?” ಎಂದು ಹಿಂದಿನ ಬೆಂಚಿನ ಒಬ್ಬ ಕೇಳಿದ.

“ಅದು ಎರಡು ಮಾರ್ಕಿನ ಪ್ರಶ್ನೆ. ಸುರುಳಿ. ಬರ್ಕೋ, ಬಾಯಿ ಮುಚ್ಚು.”

ಬರೆಸುವುದು ಮುಗಿಸಿ ಅವರು ರೆಕಾರ್ಡ್‌ಗಳಿಗೆ ಸಹಿ ಹಾಕತೊಡಗಿದರು. ಪುಟ ನೋಡದೆ ಹಾಕುತ್ತಿದ್ದರು. ಉರುಕುಂದಮ್ಮನ ರೆಕಾರ್ಡ್ ಬಂದಾಗ ಕೈ ನಿಂತಿತು.

“ಏನಿದು?”

“ರೀಡಿಂಗ್ ರೀ ಸರ್.”

“ನಲವತ್ತೊಂದು ಏಳು ಪಾಯಿಂಟ್ ಒಂದು ಅಂತ ಬರದಿ.”

“ಅಷ್ಟ ಬಂತ್ರಿ.”

“ಬರಂಗಿಲ್ಲ. ಆರು ಪಾಯಿಂಟ್ ಎರಡು ಬರ್ತೈತಿ.”

“ಒಂಬತ್ತು ಸಂಜಿ ನೋಡೀನ್ರಿ. ಉಳಿದ ಹನ್ನೊಂದೂ ಬರೋಬ್ಬರಿ ಬಂದಾವ. ಇದೊಂದ ಮಂಕ ಆಗೈತಿ.”

“ಅಂದ್ರ ನಕ್ಷತ್ರದ್ದ ತಪ್ಪು. ನಿಂದಲ್ಲ?”

ತರಗತಿ ನಕ್ಕಿತು. ಮೌಲಾಲಿ ಎದ್ದು ನಿಂತು ಕೈಕಟ್ಟಿದ. “ಸರ್, ಈಗ ನಕ್ಷತ್ರದ ಮ್ಯಾಲೂ ಕಂಪ್ಲೇಂಟ್ ಕೊಟ್ಟಾಳ್ರಿ ಸಿಐಡಿ.”

ನಗು ಹೆಚ್ಚಾಯಿತು. ಉರುಕುಂದಮ್ಮ ತಿರುಗಿ ನೋಡಲಿಲ್ಲ. “ಸರ್, ಇನ್ನಷ್ಟು ಇಳಿದು ಏಳು ಪಾಯಿಂಟ್ ಎರಡು ದಾಟಿದ್ರ ಕನ್ನಡಿ ಅದನ್ನ ಬಿಟ್ಟು ಪಕ್ಕದ ನಕ್ಷತ್ರ ಹಿಡೀತೈತ್ರಿ. ಬೆಳಕು ಬ್ಯಾರೆ ಕಡಿ ಬೀಳ್ತೈತಿ. ಒಂದನೇ ಅಧ್ಯಾಯದಾಗ ಕೊಟ್ಟಾರ.”

“ಕನ್ನಡಿ ಚಿಂತಿ ನಿನಗ್ಯಾಕ? ಕನ್ನಡಿಯವ್ರು ಅದಾರ.”

ಅವರು ಮೇಜಿನ ಡ್ರಾಯರ್ ಎಳೆದು ಕಂದು ಕಾಗದದ ಹೊದಿಕೆಯ ಒಂದು ಹಳೆಯ ಪುಸ್ತಕವನ್ನು ತೆಗೆದು ಅವಳ ಮುಂದೆ ಬಡಿದರು. ಅದರ ಅಕ್ಷರ ಉರುಕುಂದಮ್ಮನಿಗಷ್ಟೇ ಅಲ್ಲ, ಊರಿಗೆಲ್ಲ ಪರಿಚಿತ. ಜೆರಾಕ್ಸ್ ಅಂಗಡಿಯ ಪ್ರತಿಗಳ ಮೂಲ ಅದೇ. ಮೂವತ್ತೊಂದು ವರ್ಷದ ಹಿಂದೆ ಆ ಪತ್ರಿಕೆಯ ಮೊದಲ ಬ್ಯಾಚಿನ ವಿದ್ಯಾರ್ಥಿ ಪ್ರಭಾಕರ ಇಟಗಿ ನಲವತ್ತು ಸಂಜೆ ಕಾಲೇಜಿನ ಮಾಳಿಗೆಯ ಮೇಲೆ ಕೂತು ಅಳೆದು ಬರೆದದ್ದು. ಆಮೇಲೆ ಅವರು ಏನನ್ನೂ ಅಳೆದಿರಲಿಲ್ಲ.

“ಇದು ನಾ ಕುಂತು ಅಳದದ್ದು. ತಪ್ಪು ಅಂತೀಯೇನು?”

“ತಪ್ಪು ಅನ್ನಂಗಿಲ್ರಿ. ಆವಾಗ ಅಷ್ಟಿತ್ತು. ಈಗ ಇಲ್ಲ.”

ತಪ್ಪು ಎಂದಿದ್ದರೆ ಅವರು ಬಹುಶಃ ಕ್ಷಮಿಸುತ್ತಿದ್ದರು. ಮುಖ ಬಿಗಿದುಕೊಂಡಿತು. “ನಾಳಿ ಐದರ ತನಕ ಟೈಮ್ ಕೊಟ್ಟೀನಿ. ಆರು ಪಾಯಿಂಟ್ ಎರಡು ಅಂತ ತಿದ್ದಿ ತಂದ್ರ ಹದಿನೆಂಟು. ಇಲ್ಲಾಂದ್ರ ತಿರಸ್ಕೃತ. ಎಂಟು ಬರದಿದ್ರ ಫೇಲ್, ಗೊತ್ತೈತಿಲ್ಲ?”

ಗೊತ್ತಿತ್ತು.

ಹಂಪಮ್ಮ ಹಿಟ್ಟು ನಾದುತ್ತ ಕೇಳಿಸಿಕೊಂಡಳು. ಕೊನೆಗೆ, “ಅಂಕಿ ಒಂದ ತಿದ್ದಿದ್ರ ನಿನ್ನ ಕೈ ಬಿದ್ದು ಹೋಗ್ತೈತೇನು?” ಎಂದಳು.

“ಯವ್ವಾ, ಅದು ಸುಳ್ಳು ಆಗ್ತೈತಿ.”

“ಬಂದವ್ರಿಗೆಲ್ಲ ನಾ ಬಿಸಿ ರೊಟ್ಟಿ ಅಂತ ಹೇಳಿ ಕೊಡ್ತೀನಿ. ಎಲ್ಲಾನೂ ಬಿಸಿ ಇರ್ತಾವೇನು? ಬರಿ ಸುಮ್ನ.”

“ಒಂಬತ್ತು ದಿನ ಸೊಳ್ಳಿ ಕಡಿಸಿಕೊಂಡೀನಿ.”

“ಅಂದ್ರ ಸೊಳ್ಳಿ ಸಲುವಾಗಿ ಫೇಲ್ ಆಗ್ತೀ. ಆಗು. ಒಲಿ ಕಟಗಿ ಒಳಗ ತಂದಿಡು.”

ಉರುಕುಂದಮ್ಮ ಮರುದಿನ ಐದಕ್ಕೆ ಅದೇ ಪುಟವನ್ನು ಮುಂದಿಟ್ಟಳು. ಇದು ಆದರ್ಶವಲ್ಲ. ಮೌಲಾಲಿಯ ಎದುರು ತಿದ್ದಲು ಅವಳಿಗೆ ಮನಸ್ಸಾಗಲಿಲ್ಲ, ಅಷ್ಟೆ. ಇಟಗಿ ಸರ್ ಕೆಂಪು ಪೆನ್ನಿನಿಂದ ಇಡೀ ಪುಟಕ್ಕೆ ಅಡ್ಡ ಗೀಟು ಹಾಕಿದರು.

“ಏಳು ಪಾಯಿಂಟ್ ಒಂದು ಅಂದಿಯಲ್ಲ? ಏಳು ತಗೋ. ಪಾಯಿಂಟ್ ಒಂದು ನಿಮ್ಮವ್ವಗ ಕೊಡು.”

ಏಪ್ರಿಲ್ ಕೊನೆಯ ವಾರ, ಒಂದು ಮಂಗಳವಾರ ಸಂಜೆ ಏಳು ಗಂಟೆಗೆ ಸುಣ್ಣಗಲ್ಲಿನಲ್ಲಿ ಮತ್ತೆ ಬಿಸಿಲು ಬಿತ್ತು.

ಮೊದಲ ದಿನ ಜನ ಖುಷಿಪಟ್ಟರು. ಹುಡುಗರು ಕ್ರಿಕೆಟ್ ಮುಂದುವರಿಸಿದರು. ಮದುವೆ ಮನೆಯವರು ಲೈಟಿನ ಸರ ಬಿಚ್ಚಿಟ್ಟರು. ಗೂಡಿಗೆ ಹೋಗಿದ್ದ ಕಾಗೆಗಳು ಹೊರಗೆ ಬಂದು ಕೂಗಿದವು. ಎಂಟು ಗಂಟೆಗೆ ಪಾತ್ರೆಗಳು ಕೈ ಸುಡುತ್ತಿದ್ದವು. ಮಧ್ಯಾಹ್ನದ ಬಿಸಿಲಿನ ಅರ್ಧದಷ್ಟು ಬೆಳಕು, ಬಣ್ಣ ಮಾತ್ರ ಬಿಳಿಚಿಕೊಂಡ ಹಾಗೆ, ನೆರಳುಗಳು ಒಂದಕ್ಕೆ ನಾಲ್ಕು. ಒಂಬತ್ತೂವರೆಗೆ ಯಾರೋ ಸ್ವಿಚ್ ಒತ್ತಿದ ಹಾಗೆ ಕತ್ತಲಾಯಿತು. ಸೋಲಾರ್ ಬಯಲಿಗೆ ಬೆಳಕಿಲ್ಲದೆ ಸಂಜೆಯ ಕರೆಂಟೂ ಹೋಗಿತ್ತು, ಕಾದ ಬಂಡೆಗಲ್ಲಿನ ಮನೆಗಳು ಬೆಳಗಿನವರೆಗೂ ಆರಲಿಲ್ಲ.

ನಾಲ್ಕನೇ ದಿನಕ್ಕೆ ಜನ ಹೊಂದಿಕೊಳ್ಳತೊಡಗಿದರು. ಕಪ್ಪು ಪರದೆ ಮಾರುವವರು ಗಾಡಿ ತಂದರು. ಡಿಗ್ರಿ ಕಾಲೇಜಿನವರು ಸಂಜೆ ಹೆಚ್ಚುವರಿ ತರಗತಿ ನಡೆಸಬಹುದೇ ಎಂದು ಸಭೆ ಮಾಡಿದರು. ಏಳನೇ ದಿನಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಮಂಚ ಸಾಲಲಿಲ್ಲ. ಕಲ್ಲು ಪಾಲಿಶ್ ಮಾಡುವ ಓಣಿಯಲ್ಲಿ ಇಬ್ಬರು ಮುದುಕರು ಸತ್ತರು. ಹಗಲಿನ ನಲವತ್ತೆರಡು ಡಿಗ್ರಿಯನ್ನು ಅವರು ಅರವತ್ತು ವರ್ಷ ತಡೆದಿದ್ದರು. ಸಂಜೆ ತಂಪಾಗುತ್ತದೆ ಎಂಬ ನಂಬಿಕೆಯ ಮೇಲೆ ತಡೆದಿದ್ದರು.

ಎಂಟನೇ ಸಂಜೆ ಹಂಪಮ್ಮ ಒಲೆಯ ಮುಂದೆ ಕೂತಲ್ಲೇ ವಾಲಿದಳು. ಎಡಗೈ ಹಂಚಿನ ಮೇಲೆ ಬಿತ್ತು. ಉರುಕುಂದಮ್ಮ ಎಳೆಯುವಷ್ಟರಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಎದ್ದಿತ್ತು. ನೀರು ಚಿಮುಕಿಸಿದ ಮೇಲೆ ಕಣ್ಣು ಬಿಟ್ಟವಳು ಮೊದಲು ಹಂಚಿನ ಕಡೆ ನೋಡಿದಳು.

“ರೊಟ್ಟಿ ಹತ್ತೈತಿ ನೋಡು. ತಿರುವಿ ಹಾಕು.”

ನೂರ ಎಂಬತ್ತು ಕಿಲೋಮೀಟರ್ ದೂರದ ಕನ್ನಡಿ ನಿಯಂತ್ರಣ ಕೊಠಡಿ ತಂಪಾಗಿತ್ತು. ಅಲ್ಲಿನ ಮುಖ್ಯಸ್ಥೆ ಸುಕನ್ಯಾ ಆಚಾರ್ ಎಂಟು ದಿನದಿಂದ ಮನೆಗೆ ಹೋಗಿರಲಿಲ್ಲ. ಬೆಳಕು ಬಯಲನ್ನು ಬಿಟ್ಟು ಪಶ್ಚಿಮಕ್ಕೆ ಹನ್ನೆರಡು ಕಿಲೋಮೀಟರ್ ಜಾರಿದೆ ಎಂಬುದು ಪರದೆಯ ಮೇಲೇ ಕಾಣುತ್ತಿತ್ತು. ಕನ್ನಡಿಗಳು ಮಾತ್ರ ತಾವು ಸರಿಯಾಗಿಯೇ ತಿರುಗಿದ್ದೇವೆ ಎನ್ನುತ್ತಿದ್ದವು. ಅವುಗಳನ್ನು ಬೇರೆಡೆ ತಿರುಗಿಸೋಣವೆಂದರೂ ಮೊದಲು ಅದೇ ನಕ್ಷತ್ರವನ್ನು ಹಿಡಿಯಬೇಕಿತ್ತು. ಹೊಸ ನಕ್ಷತ್ರ ಹಚ್ಚಲು ಎರಡು ವರ್ಷದ ಲೆಕ್ಕಾಚಾರ. ಪಟ್ಟಿಗೆ ಕೈಯಿಂದ ಅಂಕಿ ತುಂಬುವ ಅಧಿಕಾರ ಯಾರಿಗೂ ಇರಲಿಲ್ಲ. ಅಧಿಕಾರಿಗಳು ತಿದ್ದಬಾರದೆಂದೇ ಹಾಗೆ ಮಾಡಿದ್ದರು. ಅಧ್ಯಾಪಕರ ಸಹಿಯಿದ್ದ ರೆಕಾರ್ಡ್‌ಗಳ ಸರಾಸರಿ ಮಾತ್ರ ಒಳಗೆ ಹೋಗುತ್ತಿತ್ತು.

ಅವಳು ನಲವತ್ತೊಂದರ ಕಡತ ತೆರೆದಳು. ಮೂರು ಕಾಲೇಜು. ಸ್ವೀಕೃತ ರೆಕಾರ್ಡ್ 411, ಎಲ್ಲವೂ 6.2. ತಿರಸ್ಕೃತ 1, ಅದು 7.1.

“ನಾನೂರ ಹನ್ನೊಂದು ಮಂದಿಗೆ ಒಂದೇ ಅಂಕಿ ಬರುವುದುಂಟಾ?” ಎಂದು ಪಕ್ಕದವನನ್ನು ಕೇಳಿದಳು.

“ಎಷ್ಟು ನಿಖರವಾಗಿ ಅಳೆದಿದ್ದಾರೆ ನೋಡಿ ಮೇಡಂ,” ಎಂದ ಅವನು.

ಸುಕನ್ಯಾ ಜೀಪು ಹತ್ತಿದಳು. ಉಳಿದ ಎರಡು ಕಾಲೇಜುಗಳಿಗೆ ಮೊದಲು ಹೋದಳು. ಒಂದರ ಕೊಳವೆಯೊಳಗೆ ಹಲ್ಲಿ ಮೊಟ್ಟೆಯಿಟ್ಟಿತ್ತು. ಇನ್ನೊಂದರದು ಕಳವಾಗಿ ಹದಿನೈದು ವರ್ಷವಾಗಿತ್ತು. ಎರಡೂ ಕಡೆ ರೆಕಾರ್ಡ್‌ಗಳು ಸುಣ್ಣಗಲ್ಲಿನ ಅದೇ ಜೆರಾಕ್ಸ್ ಅಂಗಡಿಯಿಂದ ಬಂದಿದ್ದವು.

ಸುಣ್ಣಗಲ್ಲಿನ ಪ್ರಿನ್ಸಿಪಾಲರ ಕೋಣೆಯಲ್ಲಿ ಬೆಳಗಿನ ಹನ್ನೊಂದಕ್ಕೆ ಇಟಗಿ ಸರ್, ಸುಕನ್ಯಾ, ಉರುಕುಂದಮ್ಮ ಕೂತರು. ಅಂದರೆ ಉರುಕುಂದಮ್ಮ ನಿಂತಿದ್ದಳು.

“ಇವತ್ತು ಇನ್ನೊಮ್ಮೆ ಅಳೆಯಲು ಆಗುತ್ತದಾ?” ಸುಕನ್ಯಾ ಕೇಳಿದಳು.

“ಇಲ್ರಿ. ನಿಮ್ಮ ಬೆಳಕು ಆರೂದ್ರಾಗ ಅದು ಮುಳುಗ್ತೈತಿ. ಊರು ಬಿಟ್ಟು ದೂರ ಹೋದ್ರೂ ಸಿಗಂಗಿಲ್ಲ, ಸೂರ್ಯನ ಬಾಜೂಕ ಇಳದೈತಿ. ಮುಂದಿನ ತಿಂಗಳು ಅವನ ಹಿಂದ ಹೋಗ್ತೈತಿ.”

“ಹಾಗಾದರೆ ಇರುವುದು ನಿನ್ನ ಒಂಬತ್ತು ರೀಡಿಂಗ್ ಮಾತ್ರ.” ಅವಳು ಇಟಗಿ ಸರ್ ಕಡೆ ತಿರುಗಿದಳು. “ಸಹಿ ಹಾಕಿದ್ದರೆ ಸಾಕಿತ್ತಲ್ಲ ಸರ್?”

“ಸಾಕಿರಲಿಲ್ಲ,” ಎಂದರು ಇಟಗಿ. ಸೋತ ಮನುಷ್ಯನ ಧ್ವನಿಯಲ್ಲ, ಲೆಕ್ಕ ಗೊತ್ತಿದ್ದವನ ಧ್ವನಿ. “ಇದೊಂದು ಒಳಗ ಹೋದ್ರೂ ನಾನೂರ ಹನ್ನೊಂದರ ಮುಂದ ಏನು ನಡೀತೈತಿ? ಸರಾಸರಿ ಆರು ಪಾಯಿಂಟ್ ಎರಡೇ ಬರ್ತಿತ್ತು.”

ಅದು ನಿಜ. ಸುಕನ್ಯಾ ಚೀಲದಿಂದ ನಿಯಮಗಳ ಕಾಗದ ತೆಗೆದಳು. ಆಮೇಲೆ ನಿಧಾನವಾಗಿ ಹೇಳಿದಳು: “ನಿಯಮದಲ್ಲಿ ಒಂದು ದಾರಿ ಉಂಟು. ರಿಸಲ್ಟ್ ಬರುವ ಮೊದಲು ಸ್ವೀಕೃತ ರೆಕಾರ್ಡ್‌ಗಳನ್ನು ಅಧ್ಯಾಪಕರು ಹಿಂದಕ್ಕೆ ಪಡೆದು ಒಂದು ವಾರದೊಳಗೆ ಮತ್ತೆ ಬರೆಸಬಹುದು. ಅಷ್ಟೂ ಮಂದಿ ಇವಳ ಅಂಕಿಯನ್ನು ಬರೆದರೆ...”

“ಅಳೀದನ?” ಉರುಕುಂದಮ್ಮ ಕೇಳಿದಳು.

“ಅಳೆಯದೆ.”

“ನಂದು?”

ಸುಕನ್ಯಾ ಕಾಗದ ತಿರುವಿದಳು. ಅದರಲ್ಲಿ ಏನಿದೆ ಎಂದು ಅವಳಿಗೆ ಗೊತ್ತಿತ್ತು. “ತಿರಸ್ಕರಿಸಿದ್ದನ್ನು ಈ ವರ್ಷ ತೆರೆಯುವ ಹಾಗಿಲ್ಲ. ಮುಂದಿನ ಫೆಬ್ರವರಿಗೆ ಸಪ್ಲಿಮೆಂ‍ಟರಿ. ಆಗ ಅಧ್ಯಾಪಕರು ಅದೇ ಪುಟಕ್ಕೆ ಮರುಸಹಿ ಹಾಕಿದರೂ ಆಗುತ್ತದೆ.”

ಇಟಗಿ ಸರ್ ಕಿಟಕಿಯಾಚೆ ನೋಡುತ್ತಿದ್ದರು.

ಹೊರಗೆ ವರಾಂಡದಲ್ಲಿ ಮೌಲಾಲಿ ಮತ್ತು ಇನ್ನೂ ಏಳೆಂಟು ಮಂದಿ ಕಾದಿದ್ದರು. ಸುದ್ದಿ ಆಗಲೇ ಗೋಡೆ ದಾಟಿತ್ತು. ಹಳೆಯ ರೆಕಾರ್ಡ್‌ಗಳ ವಿಚಾರಣೆ ನಡೆದರೆ ಎಲ್ಲರ ಪ್ರಾಕ್ಟಿಕಲ್ ರದ್ದು ಎಂದು ಯಾರೋ ಹಬ್ಬಿಸಿದ್ದರು.

“ಏ ಸಿಐಡಿ, ಎಷ್ಟು ಮಂದಿ ಹೆಸರು ಹೇಳಿ ಬಂದಿ?”

“ನಿನ್ನ ಹೆಸರು ಯಾರೂ ಕೇಳಲಿಲ್ಲ.”

“ನಮ್ಮ ರಿಸಲ್ಟಿಗೆ ಏನಾರ ಆದ್ರ ನಿಮ್ಮ ಖಾನಾವಳಿ ಮುಂದ ಒಂದು ನಾಯಿನೂ ಬರಂಗಿಲ್ಲ, ನೆನಪಿಟ್ಕೋ.”

“ನಾಯಿ ಬರೂದು ನಿಂತ್ರ ಚಲೋನ ಆತು. ಎರಡು ವರ್ಷದಿಂದ ಉಣ್ಣಾಕ ಬರ್ತೀರಿ.”

ಅವನು ಒಂದು ಹೆಜ್ಜೆ ಮುಂದೆ ಬಂದ. ಅವಳು ಚೀಲದಿಂದ ರೆಕಾರ್ಡ್ ತೆಗೆದು ಅವನ ಎದೆಗೆ ಒತ್ತಿದಳು. ಅವನಿಗೆ ಏನೆಂದು ತಿಳಿಯಲಿಲ್ಲ.

“ನಿಮ್ಮ ಕಾಕಾಗ ಕೊಡು. ಮಷೀನು ರಿಪೇರಿ ಆಗಿದ್ರ ನಾನೂರ ಹನ್ನೊಂದು ತೆಗೀಲಿ. ಕೆಂಪು ಗೀಟು ಬರದಂಗ ತೆಗಿ ಅಂತ ಹೇಳು. ಮತ್ತ ನೀ ನೋಡಿ ಬರಿ. ಏಳು ಪಾಯಿಂಟ್ ಒಂದು. ನಿನಗ ನೋಡಿ ಬರಿಯಾಕೂ ಸರಿ ಬರಂಗಿಲ್ಲ.”

ಉರುಕುಂದಮ್ಮ ಊರಿಗಾಗಿ ತ್ಯಾಗ ಮಾಡಿದಳು ಎಂದು ಆಮೇಲೆ ಸ್ಥಳೀಯ ಪತ್ರಿಕೆಯೊಂದು ಬರೆಯಿತು. ಅದು ಸುಳ್ಳು. ಅವಳಿಗೆ ನಿದ್ದೆ ಬೇಕಿತ್ತು. ತಾಯಿಯ ಕೈಯ ಪಟ್ಟಿ ಬೆವರಿಗೆ ಕಳಚಿ ಬೀಳುತ್ತಿತ್ತು. ಇನ್ನೊಂದು ದಾರಿ ಇದ್ದಿದ್ದರೆ ಆ ಮಂದಿಗೆ ಅವಳು ಒಂದು ಅಂಕಿಯನ್ನೂ ಕೊಡುತ್ತಿರಲಿಲ್ಲ.

ಮೂರು ದಿನದಲ್ಲಿ ನಾನೂರ ಹನ್ನೊಂದು ರೆಕಾರ್ಡ್ ಬರೆದಾದವು. ಎಲ್ಲದರಲ್ಲೂ ಅದೇ ಒಂಬತ್ತು ಸಂಜೆ, ಅದೇ ರೀಡಿಂಗ್, ಐದನೇ ಸಂಜೆ ಅವಳು ಬರೆದಿದ್ದ ‘ಒಲೆಯ ಹೊಗೆ ಅಡ್ಡ ಬಂತು’ ಎಂಬ ಟಿಪ್ಪಣಿ ಕೂಡ. ಒಲೆಯೇ ಇಲ್ಲದ ಹಾಸ್ಟೆಲಿನ ಹುಡುಗರಿಗೂ ಹೊಗೆ ಅಡ್ಡ ಬಂದಿತ್ತು. ಇಟಗಿ ಸರ್ ಪುಟ ನೋಡದೆ ಸಹಿ ಹಾಕಿದರು. ಉಳಿದ ಎರಡು ಕಾಲೇಜಿನವರೂ ಹಾಕಿದರು. ಶುಕ್ರವಾರ ಸಂಜೆ ಏಳಕ್ಕೆ ಸುಣ್ಣಗಲ್ಲಿನಲ್ಲಿ ಕತ್ತಲಾಯಿತು. ಜನ ಬೀದಿಗೆ ಬಂದು ಚಪ್ಪಾಳೆ ತಟ್ಟಿದರು.

ನಿಯಂತ್ರಣ ಕೇಂದ್ರ ಮೂರೂ ಕಾಲೇಜುಗಳ ವಿದ್ಯಾರ್ಥಿಗಳಿಗೆ ಅಭಿನಂದನಾ ಪತ್ರ ಕಳಿಸಿತು. ಪಟ್ಟಿಯಲ್ಲಿ ನಾನೂರ ಹನ್ನೊಂದು ಹೆಸರಿದ್ದವು. ಜೂನ್‌ನಲ್ಲಿ ರಿಸಲ್ಟ್ ಬಂತು. ಎಲ್ಲರೂ ಪಾಸು. ಮೌಲಾಲಿಗೆ ಇಪ್ಪತ್ತಕ್ಕೆ ಇಪ್ಪತ್ತು. ಉರುಕುಂದಮ್ಮ ಏಳು, ಫೇಲು.

ಹಂಪಮ್ಮ ಬೈಯಲಿಲ್ಲ. ಬಲಗೈಯಿಂದ ಹಿಟ್ಟು ನಾದುವ ಕೊಮ್ಮರಿಗೆಯನ್ನು ಮಗಳ ಕಡೆ ತಳ್ಳಿದಳು. “ಹಿಟ್ಟು ತೆಳ್ಳಗ ಬಡಿ. ದಪ್ಪ ಆದ್ರ ಗಿರಾಕಿ ಬೈತಾರ,” ಎಂದಳು. ಎಡಗೈ ಪೂರ್ತಿ ಮಡಚುತ್ತಿರಲಿಲ್ಲ. ಮಗಳು ಬೇಕೇ ಆಗಿತ್ತು. ಎಂಟು ತಿಂಗಳು ಉರುಕುಂದಮ್ಮ ಆ ಒಲೆಯ ಮುಂದೆ ಕೂತಳು. ಪಾಸಾದ ಹುಡುಗರು ಬಂದು ಉಂಡು ಹೋದರು. ಮೌಲಾಲಿ ಒಮ್ಮೆ “ಇನ್ನೊಂದು ಬಿಸೀದು ಹಾಕು ಸಿಐಡಿ” ಎಂದ. ಅವಳು ತಳದಲ್ಲಿದ್ದ ತಂಗಳು ರೊಟ್ಟಿ ಹಾಕಿದಳು.

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ, ಊಟದ ಗದ್ದಲ ಮುಗಿದ ಮೇಲೆ, ಇಟಗಿ ಸರ್ ಬಂದರು. ಅವರು ಅಲ್ಲಿ ಎಂದೂ ಉಂಡವರಲ್ಲ. ಬೆಂಚಿನ ತುದಿಯಲ್ಲಿ ಕೂತು, ನೀರು ಕುಡಿದು, ಲೋಟವನ್ನು ತಿರುಗಿಸುತ್ತ ಇದ್ದರು.

“ಹೊಸ ಬ್ಯಾಚಿನ ರೆಕಾರ್ಡ್ ಮುಂದಿನ ವಾರ ಹೋಗಬೇಕು,” ಎಂದರು.

“ಹೋಗಲಿ.”

“ನಲವತ್ತೊಂದು ಈಗ ಎಷ್ಟೈತಿ?”

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ನಿಮ್ಮ ಜೆರಾಕ್ಸಿನ್ಯಾಗ ಏಳು ಪಾಯಿಂಟ್ ಒಂದು ಐತಲ್ರಿ.”

“ಅದು ಹೋದ ವರ್ಷದ್ದು. ಎಂಟು ಪಾಯಿಂಟ್ ಒಂದು ದಾಟಿದ್ರ ಮತ್ತ ಊರ ಮ್ಯಾಲ ಬೀಳ್ತೈತಿ. ಮೇಡಂ ದಿನಾ ಫೋನ್ ಮಾಡ್ತಾಳ.” ಅವರು ಕಣ್ಣುಜ್ಜಿಕೊಂಡರು. “ನನಗ ಈಗ ಕಣ್ಣು ಹಿಡಿಯಂಗಿಲ್ಲ. ಪೊರಿ ಬಂದೈತಿ. ಹುಡುಗರಿಗೆ ಹೇಳಿದ್ರ ನಗ್ತಾರ.”

ಒಳಗಿನಿಂದ ಹಂಪಮ್ಮ ಕೇಳುತ್ತಿದ್ದಳು. ಉರುಕುಂದಮ್ಮ ಕೈ ತೊಳೆದುಕೊಂಡು ಜೆರಾಕ್ಸ್ ಅಂಗಡಿಯಿಂದ ವಾಪಸು ಬಂದಿದ್ದ ತನ್ನ ರೆಕಾರ್ಡನ್ನು ಅಟ್ಟದಿಂದ ತಂದು, ಕೆಂಪು ಗೀಟಿನ ಪುಟ ತೆರೆದು ಅವರ ಮುಂದಿಟ್ಟಳು.

“ಮೊದಲ ಸಹಿ.”

“ಏನು ದಂಧೆ ಮಾಡ್ತೀಯೇನು ನನ್ನ ಕೂಡ?”

“ಹೌದ್ರಿ.”

ಅವರು ಜೇಬಿನಿಂದ ಪೆನ್ನು ತೆಗೆದು, ಗೀಟಿನ ಪಕ್ಕ ‘ಪರಿಶೀಲಿಸಲಾಗಿದೆ, ಸರಿಯಿದೆ’ ಎಂದು ಬರೆದರು. ಏಳನ್ನು ಹೊಡೆದು ಹದಿನೆಂಟು ಮಾಡಿದರು. ಸಹಿ, ದಿನಾಂಕ.

“ಹದಿನೆಂಟೇನು, ಇಪ್ಪತ್ತು ಹಾಕ್ರಿ ಮಾಸ್ತರ,” ಎಂದಳು ಒಳಗಿನಿಂದ ಹಂಪಮ್ಮ.

ಇಪ್ಪತ್ತು ಮಾಡಿದರು.

ಉರುಕುಂದಮ್ಮ ಶಾಯಿ ಆರುವವರೆಗೆ ಕಾದು ಪುಸ್ತಕ ಮುಚ್ಚಿದಳು. ಕೊಳವೆ ಅವಳ ಅಟ್ಟದ ಮೇಲೇ ಇತ್ತು. ವರ್ಷವಾದರೂ ಕಾಲೇಜಿನವರು ಯಾರೂ ವಾಪಸು ಕೇಳಿರಲಿಲ್ಲ. ಆ ತಿಂಗಳು ಹದಿನಾಲ್ಕು ಸಂಜೆ ಅವಳು ಮಾಳಿಗೆ ಹತ್ತಿದ್ದಳು.

“ಏಳು ಪಾಯಿಂಟ್ ಒಂಬತ್ತು,” ಎಂದಳು.

ಇಟಗಿ ಸರ್ ಬಸ್ ಟಿಕೆಟಿನ ಹಿಂದೆ ಅದನ್ನು ಬರೆದುಕೊಂಡು, ಜೇಬಿಗೆ ಹಾಕಿ, ಚಪ್ಪಲಿ ಮೆಟ್ಟಿ ಜೆರಾಕ್ಸ್ ಅಂಗಡಿಯ ಕಡೆ ಹೊರಟರು. ಎಷ್ಟು ಸಲ ನೋಡಿದೆ, ಯಾವುದರಿಂದ ನೋಡಿದೆ, ನೋಡಿದೆಯೋ ಇಲ್ಲವೋ, ಒಂದನ್ನೂ ಕೇಳಲಿಲ್ಲ.